ಕೆಂಪು ಬಟ್ಟೆ ಕಟ್ಟಿದ ಮೋಟಾರು

"ಮೊದಲನೇ ಪಾಠ ಏನು ಗೊತ್ತಾ ಸಾರ್?" ಎಂದು ಬಾವ ಶುರು ಮಾಡಿದಾಗ ಪುಟ್ಟಿಯ ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಸುತ್ತಿಗೆ ಇತ್ತು. ಅವೆರಡೂ ಆ ಹೊತ್ತಿನಲ್ಲಿ ಯಾರ ಮೇಲೂ ಬೀಳಲಿಲ್ಲ ಎಂದರೆ ಅದಕ್ಕೆ ಹೆತ್ತವರು ಕಲಿಸಿದ ನಡತೆ ಕಾರಣವೇ ಹೊರತು ಬಾವನ ಪುಣ್ಯ ಅಲ್ಲ.

ಪ್ಲೈವುಡ್ ಗೋಡೆಯ ಆಚೆ, ಅಂಗಡಿಯ ಮುಂಭಾಗದಲ್ಲಿ, ವರ್ತಕರ ಸಂಘದ ಕಾರ್ಯದರ್ಶಿ ನೋಟ್‌ಬುಕ್ ಬಿಡಿಸಿಕೊಂಡು ಕೂತಿದ್ದರು. ಸಂಘದ ವಾರ್ಷಿಕ ಪುಸ್ತಿಕೆಯಲ್ಲಿ ಈ ಬೀದಿಯಲ್ಲಿ ಒಂದು ವರ್ಷ ಪೂರೈಸಿದ ಹೊಸ ಅಂಗಡಿಗಳ ಅನುಭವ ಹಾಕುತ್ತಾರಂತೆ. ಅವರೆದುರು ತಿರುಗುವ ಕುರ್ಚಿಯಲ್ಲಿ ಬಾವ, ಅಂದರೆ ಪುಟ್ಟಿಯ ಅಕ್ಕನ ಗಂಡ. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಎರಡು ಯಾಕೆ ಎಂದು ಕೇಳಬೇಡಿ, ಒಂದರಲ್ಲಿ ಬರೆದದ್ದನ್ನೂ ಯಾರೂ ನೋಡಿಲ್ಲ.

"ಗಿರಾಕಿನೇ ದೇವರು. ಬರ್ಕೊಳ್ಳಿ. ಎರಡನೇದು, ಹೇಳಿದ ಟೈಮಿಗೆ ಕೆಲಸ ಕೊಡ್ಬೇಕು. ಮೂರನೇದು, ನಾವೇ ಮೈಮುರಿದು ದುಡೀಬೇಕು ಸಾರ್. ಕೆಲಸದವರನ್ನ ನಂಬ್ಕೊಂಡು ಕೂತ್ರೆ ಅಂಗಡಿ ಉದ್ಧಾರ ಆಗಲ್ಲ."

ಮೈಮುರಿದು! ಪುಟ್ಟಿಗೆ ನಗು ಬರಬೇಕಿತ್ತು, ಬರಲಿಲ್ಲ. ಈ ಒಂದು ವರ್ಷದಲ್ಲಿ ಬಾವನ ಮೈಯಲ್ಲಿ ಮುರಿದದ್ದು ಯಾವುದಾದರೂ ಇದ್ದರೆ ಅದು ಆಕಳಿಸುವಾಗ ಲಟಕ್ ಅನ್ನುವ ಬೆರಳಿನ ಗೆಣ್ಣು. ಅವಳು ಸುತ್ತಿಗೆ ಎತ್ತಿ ಹಳೇ ಮೋಟಾರಿನ ಸುಟ್ಟ ತಂತಿಯ ಮೇಲೆ ಒಂದೇಟು ಕೊಟ್ಟಳು. ಆಚೆ ಕಡೆಯಿಂದ ಬಾವನ ದನಿ ಬಂತು: "ಮೆಲ್ಲಗೆ ಮಾಡಮ್ಮಾ, ಇಲ್ಲಿ ದೊಡ್ಡವರ ಜೊತೆ ಮಾತಾಡ್ತಿದೀನಿ."

ಅಂಗಡಿ ಯಾರದು ಎಂದು ಈಗಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಬಾವನ ಮಾತು ಕೇಳಿ ನೀವೂ ಮೋಸ ಹೋಗುತ್ತೀರಿ. ಅಂಗಡಿ ಪುಟ್ಟಿಯದು. ಪುಟ್ಟಿ ಎಂದರೆ ಚಿಕ್ಕ ಹುಡುಗಿಯಲ್ಲ, ನಲವತ್ತೊಂದು ವರ್ಷದ ಹೆಂಗಸು. ಮನೆಯವರು ತೊಟ್ಟಿಲಲ್ಲಿ ಕರೆದ ಹೆಸರು ಕೂದಲು ನೆರೆತರೂ ಬಿಟ್ಟಿಲ್ಲ, ಅಷ್ಟೆ. ಮೋಟಾರು ತಯಾರಿಸುವ, ರಿಪೇರಿಯನ್ನೂ ಮಾಡುವ ಕಾರ್ಖಾನೆಯಲ್ಲಿ ಹದಿನೇಳು ವರ್ಷ ಕಾಯಿಲ್ ಸುತ್ತಿದವಳು. ಸುಟ್ಟುಹೋದ ಮೋಟಾರಿನ ಹೊಟ್ಟೆ ಬಗೆದು, ಹಳೇ ತಾಮ್ರದ ತಂತಿ ಕಿತ್ತು, ಎಷ್ಟು ಸುತ್ತು, ಎಷ್ಟು ದಪ್ಪ ಎಂದು ಲೆಕ್ಕ ಹಿಡಿದು, ಅಷ್ಟೇ ಸುತ್ತು ಹೊಸ ತಂತಿ ಕೂರಿಸಿ ಅದಕ್ಕೆ ಮತ್ತೆ ಜೀವ ಕೊಡುವ ಕೆಲಸ. ಕಾರ್ಖಾನೆಗೆ ಯಂತ್ರ ಬಂದಾಗ ಅವಳ ಕೈಗಿಷ್ಟು ಕೊಟ್ಟು ಮನೆಗೆ ಕಳಿಸಿದರು. ಆ ಹಣವನ್ನೆಲ್ಲ ತಂದು ಅವಳು ಈ ಅಂಗಡಿಗೆ ಸುರಿದಳು. ಮದುವೆ ಆಗಿರಲಿಲ್ಲ, ಅದು ಬೇರೆ ಕಥೆ, ಅದರಲ್ಲಿ ಅಂಥ ದುಃಖವೂ ಇಲ್ಲ.

ಅಂಗಡಿ ತೆರೆದ ಮೊದಲ ಹನ್ನೊಂದು ದಿನ ಒಂದು ಫ್ಯಾನೂ ಬರಲಿಲ್ಲ. ಜನ ಬರುತ್ತಿದ್ದರು, ಇಲ್ಲ ಎನ್ನಲಾಗದು. ಬಾಗಿಲಲ್ಲಿ ನಿಂತು ಇಣುಕಿ, ಸ್ಪ್ಯಾನರ್ ಹಿಡಿದು ಕೂತ ಇವಳನ್ನು ನೋಡಿ, "ಮೆಕ್ಯಾನಿಕ್ ಇಲ್ವಾಮ್ಮ?" ಅನ್ನುತ್ತಿದ್ದರು. "ನಾನೇ" ಅಂದರೆ ಒಂದು ನಗು. "ಪರವಾಗಿಲ್ಲ, ನಿಮ್ಮ ಯಜಮಾನ್ರು ಬಂದ ಮೇಲೆ ಬರ್ತೀನಿ ಬಿಡಿ." ಒಬ್ಬ ಮಹಾಶಯನಂತೂ ತನ್ನ ಮಿಕ್ಸಿಯನ್ನು ಮಗುವಿನ ಹಾಗೆ ಎದೆಗೆ ಅವುಚಿಕೊಂಡು ಹಿಂದಕ್ಕೆ ಹೆಜ್ಜೆ ಇಟ್ಟ. ಇವಳೇನು ಅದನ್ನು ತಿಂದುಬಿಡುತ್ತಾಳಾ?

ಹನ್ನೆರಡನೇ ದಿನ ಅಕ್ಕ ಬಂದಳು. "ನೋಡೇ ಪುಟ್ಟಿ, ಇವ್ರು ಕೆಲಸ ಬಿಟ್ಟು ಎಂಟು ತಿಂಗಳಾಯ್ತು. ಮನೇಲಿ ಕೂತು ಕೂತು ಮಂಕಾಗಿದಾರೆ. ಒಂದು ತಿಂಗಳು ಮುಂದೆ ಕೂರಿಸ್ಕೋ. ಗಂಡಸು ಅನ್ನೋನೊಬ್ಬ ಕಂಡ್ರೆ ಗಿರಾಕಿ ಒಳಗೆ ಕಾಲಿಡ್ತಾರೆ. ನಿನಗೂ ಆಯ್ತು, ಅವರಿಗೂ ಆಯ್ತು."

ಪುಟ್ಟಿ ಒಪ್ಪಿದಳು. ಒಪ್ಪಿದ್ದಷ್ಟೇ ಅಲ್ಲ, ಕಪ್ಪು ಕೈಯ ಹೆಂಗಸು ಗಿರಾಕಿಗಳ ಕಣ್ಣಿಗೆ ಬೀಳುವುದೇ ಬೇಡ ಎಂದು ತಾನೇ ಬಡಗಿಯನ್ನು ಕರೆಸಿ ನಡುವೆ ಪ್ಲೈವುಡ್ ಹೊಡೆಸಿದಳು. ಬಡಗಿ ಒಂದು ಕಿಟಕಿ ಬಿಡಲಾ ಎಂದು ಕೇಳಿದ. ಬೇಡ ಅಂದಳು. ಇಂಥ ಬುದ್ಧಿವಂತಿಕೆ ಅವಳದು! ಅವತ್ತು ಸಂಜೆಯೊಳಗೆ ಎರಡು ಮಿಕ್ಸಿ, ಒಂದು ಫ್ಯಾನು, ಒಂದು ನೀರಿನ ಪಂಪು ಬಂದವು. ಹೊಟ್ಟೆ ಉರಿಯಬೇಕಾದದ್ದು ಇದಕ್ಕೆ. ಅವೇ ಕೈ, ಅದೇ ತಂತಿ, ಮುಂದೆ ಮಾತ್ರ ಒಂದು ಇಸ್ತ್ರಿ ಅಂಗಿ.

ಒಂದು ತಿಂಗಳು ಹನ್ನೆರಡು ತಿಂಗಳಾಯಿತು. ಗಿರಾಕಿ ಬಂದು ತೊಂದರೆ ಹೇಳಿದರೆ ಬಾವ "ನೋಡೋಣ ಇರಿ" ಎಂದು ಗಂಭೀರವಾಗಿ ಒಳಗೆ ಬರುತ್ತಿದ್ದರು. "ಏನಂತೆ ಇದು?" ಎಂದು ಪಿಸುದನಿಯಲ್ಲಿ ಕೇಳುತ್ತಿದ್ದರು. ಪುಟ್ಟಿ ಹೇಳಿದ್ದನ್ನು ಹೊರಗೆ ಹೋಗಿ ಗಟ್ಟಿ ದನಿಯಲ್ಲಿ ಹೇಳುತ್ತಿದ್ದರು. ಮೊದಮೊದಲು ಅರ್ಧ ಮರೆತು ಮತ್ತೆ ಕೇಳಲು ಬರುತ್ತಿದ್ದರು. ಆರು ತಿಂಗಳಾಗುವ ಹೊತ್ತಿಗೆ ಕೇಳುವುದನ್ನೇ ಬಿಟ್ಟು ಎಲ್ಲದಕ್ಕೂ "ಬೇರಿಂಗು ಹೋಗಿದೆ" ಅನ್ನತೊಡಗಿದರು. ಇಸ್ತ್ರಿ ಪೆಟ್ಟಿಗೆ ತಂದವನಿಗೂ ಒಮ್ಮೆ ಹಾಗೇ ಅಂದರು, ಅವನು ನಂಬಿಕೊಂಡು ಹೋದ. ಬೀದಿಯವರೆಲ್ಲ ಅವರನ್ನು ವೈಂಡಿಂಗ್ ಯಜಮಾನ್ರು ಎಂದು ಕರೆಯತೊಡಗಿದರು. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಇಲ್ಲಿ ಕೆಸರು ಪುಟ್ಟಿಯ ಕೈಗೆ, ಮೊಸರು ಬಾವನ ಬಾಯಿಗೆ.

ಇರಲಿ, ಇದನ್ನೆಲ್ಲ ಅವಳು ನುಂಗಿಕೊಂಡಿದ್ದಳು, ಯಾಕೆಂದರೆ ಒಂದು ಆಸೆ ಇತ್ತು. ಊರಾಚೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದಿದೆ. ಅಲ್ಲಿ ಹನ್ನೆರಡು ಪಂಪು, ಹಗಲೂ ರಾತ್ರಿ ಓಡುತ್ತವೆ. ಅಲ್ಲಿನ ಸೂಪರ್‌ವೈಸರ್ ಪರೀಕ್ಷೆಗೆಂದು ಒಂದು ಸುಟ್ಟ ಮೋಟಾರು ಕೊಟ್ಟಿದ್ದರು. ಅದು ಸರಿಯಾಗಿ ಓಡಿದರೆ ಹನ್ನೆರಡೂ ಪಂಪುಗಳ ಇಡೀ ವರ್ಷದ ಕೆಲಸವೂ ಇದೇ ಅಂಗಡಿಗೆ. ಅದೊಂದು ಕೈಗೆ ಬಂದರೆ ಮಿಕ್ಸಿಯವರ, ಫ್ಯಾನಿನವರ ಮರ್ಜಿ ಬೇಡ. ಪ್ಲೈವುಡ್ ಕಿತ್ತು ಬಿಸಾಡಿ, ಬಾಗಿಲಿಗೆ ಮುಖ ಮಾಡಿ ತಾನು ಕೂರಬಹುದು. ಯಾರಿಗೆ ಬೇಕೋ ಬರಲಿ, ಬೇಡದವರು ಹೋಗಲಿ. ಈ ಲೆಕ್ಕ ಅವಳು ಯಾರಿಗೂ ಹೇಳಿರಲಿಲ್ಲ.

ಆ ಮೋಟಾರನ್ನು ಅವಳು ನಾಲ್ಕು ದಿನ ಕೂತು ಸುತ್ತಿದಳು. ಸುತ್ತಿ, ಜೋಡಿಸಿ, ಒಮ್ಮೆ ಓಡಿಸಿ ನೋಡಿದಳು. ಇದು ಅವಳ ಪದ್ಧತಿ: ಮೊದಲು ಓಡಿಸಿ ನೋಡುವುದು, ಆಮೇಲೆ ಮತ್ತೆ ಬಿಚ್ಚಿ ವಾರ್ನಿಷ್ ಕುಡಿಸಿ, ಬಿಸಿ ಪೆಟ್ಟಿಗೆಯಲ್ಲಿ ಒಂದು ಇಡೀ ದಿನ ಒಣಗಿಸುವುದು. ವಾರ್ನಿಷ್ ಹಾಕದ ಮೋಟಾರು ನೋಡುವುದಕ್ಕೆ ಚೆನ್ನಾಗಿಯೇ ಇರುತ್ತದೆ, ಓಡುವುದೂ ಚೆನ್ನಾಗಿಯೇ. ಆದರೆ ಒಳಗಿನ ತಂತಿಗಳು ಒಂದಕ್ಕೊಂದು ಅಂಟಿರುವುದಿಲ್ಲ. ಓಡುವಾಗ ನಡುಗಿ, ಉಜ್ಜಿ, ಎರಡು ಮೂರು ದಿನದಲ್ಲಿ ಸುಟ್ಟುಹೋಗುತ್ತವೆ. ಅದಕ್ಕೇ ಅಂಥ ಮೋಟಾರಿಗೆ ಅವಳು ಒಂದು ಕೆಂಪು ಬಟ್ಟೆಯ ಚೂರು ಕಟ್ಟುತ್ತಿದ್ದಳು. ಕೆಂಪು ಬಟ್ಟೆ ಇದ್ದರೆ ಮುಟ್ಟಬಾರದು. ಕಾರ್ಖಾನೆಯಲ್ಲಿ ಕಲಿತ ಅಭ್ಯಾಸ. ಬಾವನಿಗೂ ಹತ್ತು ಸಲ ಹೇಳಿದ್ದಳು.

ನಾಲ್ಕು ದಿನದ ಹಿಂದೆ ಅವಳು ತಂತಿ ತರಲು ಹೋಗಿ ಬರುವಷ್ಟರಲ್ಲಿ ಬೆಂಚಿನ ಮೇಲೆ ಮೋಟಾರು ಇರಲಿಲ್ಲ.

"ಬಾವ, ಬಣ್ಣದ ಕಾರ್ಖಾನೆ ಮೋಟಾರೆಲ್ಲಿ?"

"ಕೊಟ್ಟು ಕಳಿಸ್ದೆ. ಸೂಪರ್‌ವೈಸರ್ ಖುದ್ದು ಬಂದಿದ್ರು. ರೆಡಿ ಇತ್ತಲ್ಲ? ನಾನೇ ಸ್ವಿಚ್ ಹಾಕಿ ಓಡಿಸಿ ತೋರಿಸ್ದೆ. ಏನ್ ಖುಷಿಯಾದ್ರು ಅಂತೀಯ!"

"ಕೆಂಪು ಬಟ್ಟೆ ಕಟ್ಟಿದ್ನಲ್ಲ ಬಾವ!"

"ಕಟ್ಟಿದ್ದೆ, ಹೌದು. ಧೂಳು ಕೂತಿತ್ತು, ಅದರಲ್ಲೇ ಒರೆಸಿ ಕೊಟ್ಟೆ."

ಒರೆಸಿ ಕೊಟ್ಟರಂತೆ! ಮುಟ್ಟಬೇಡಿ ಎಂದು ಕಟ್ಟಿದ ಬಟ್ಟೆಯಲ್ಲೇ ಪಳಪಳ ಹೊಳೆಯುವ ಹಾಗೆ ಒರೆಸಿ ಕೊಟ್ಟರಂತೆ! ಪುಟ್ಟಿ ತಲೆ ಮೇಲೆ ಕೈ ಹೊತ್ತು ಕೂತಳು. ಈಗಲೇ ಫೋನ್ ಮಾಡಿ ವಾಪಸ್ ತರಿಸಿ ಅಂದಳು. ಬಾವ "ಮಾಡ್ತೀನಿ ಮಾಡ್ತೀನಿ" ಅಂದರು. ಮರುದಿನ ಕೇಳಿದಾಗ "ಹೇಳಿದೀನಿ, ಕಳಿಸ್ತಾರೆ" ಅಂದರು. ಪುಟ್ಟಿ ತಾನೇ ಫೋನ್ ಮಾಡಬಹುದಿತ್ತು. ಮಾಡಿ ಏನೆಂದು ಹೇಳುವುದು? ನಾನು ಯಾರು ಅಂತ? ಅಲ್ಲಿ ಅವಳ ದನಿ ಕೇಳಿದವರೇ ಇರಲಿಲ್ಲ. ಹಾಗೆಂದುಕೊಂಡು ಸುಮ್ಮನಾದಳು.

ಈಗ ಬಾವ ನಾಲ್ಕನೇ ಪಾಠಕ್ಕೆ ಬಂದಿದ್ದರು. "ಕ್ವಾಲಿಟಿ ಸಾರ್, ಕ್ವಾಲಿಟಿ. ನಮ್ಮ ಕೈಯಿಂದ ಹೋದ ಮೋಟಾರು ವಾಪಸ್ ಬಂದ ಚರಿತ್ರೇನೇ ಇಲ್ಲ."

ಆಗಲೇ ಮೇಜಿನ ಮೇಲೆ ಧಡಾರ್ ಎಂದು ಸದ್ದಾಯಿತು. ಪ್ಲೈವುಡ್ ಈಚೆಗೂ ಸುಟ್ಟ ವಾಸನೆ ಬಂತು. ಯಾವ ಮೋಟಾರು ಎಂದು ಪುಟ್ಟಿ ನೋಡಬೇಕಾಗಿಯೇ ಇರಲಿಲ್ಲ.

"ಏನ್ರೀ ಯಜಮಾನ್ರೇ ಇದು?" ಬಣ್ಣದ ಕಾರ್ಖಾನೆಯ ಸೂಪರ್‌ವೈಸರ್ ಕೂಗಾಡುತ್ತಿದ್ದರು. "ನಾಲ್ಕು ದಿನಾನೂ ಓಡ್ಲಿಲ್ಲ. ಬಣ್ಣದ ತೊಟ್ಟಿಯಲ್ಲಿ ಬಟ್ಟೆ ಅದ್ದಿರೋವಾಗ ಪಂಪು ನಿಂತ್ಹೋಯ್ತು. ಇಡೀ ತೊಟ್ಟಿ ಬಟ್ಟೆ ಮಚ್ಚೆ ಮಚ್ಚೆ!"

"ವೋಲ್ಟೇಜ್ ಸಾರ್," ಅಂದರು ಬಾವ, ಕಣ್ಣು ಮಿಟುಕಿಸದೆ. "ವೋಲ್ಟೇಜ್ ಹೆಚ್ಚಾಗಿ ಬಂದಿದೆ. ಅದಕ್ಕೆ ನಾವೇನ್ ಮಾಡೋಣ?"

"ಅದೇ ಲೈನಲ್ಲಿ ಇನ್ನೂ ಹನ್ನೊಂದು ಮೋಟಾರು ಓಡ್ತಿವೆ. ನಿಮ್ಮ ಮೋಟಾರು ಹುಡುಕ್ಕೊಂಡು ಬಂತಾ ವೋಲ್ಟೇಜು?"

ಬಾವ ದನಿ ತಗ್ಗಿಸಿದರು. ತಗ್ಗಿಸಿದ ದನಿ ಪ್ಲೈವುಡ್‌ನಲ್ಲಿ ಇನ್ನೂ ಚೆನ್ನಾಗಿ ಕೇಳುತ್ತದೆ, ಅದು ಅವರಿಗೆ ಒಂದು ವರ್ಷವಾದರೂ ಗೊತ್ತಾಗಿರಲಿಲ್ಲ. "ನಿಜ ಹೇಳ್ಬೇಕು ಅಂದ್ರೆ ಸಾರ್, ಒಳಗೆ ನಮ್ಮ ನಾದಿನಿ ಇದಾಳೆ. ಗತಿ ಇಲ್ಲ ಪಾಪ ಅಂತ ಕೆಲಸಕ್ಕಿಟ್ಕೊಂಡಿದೀನಿ. ಹೆಂಗಸರ ಕೈಕೆಲಸ, ನಿಮಗೆ ಗೊತ್ತಲ್ಲ. ಏನೋ ಹೆಚ್ಚುಕಮ್ಮಿ ಮಾಡಿರ್ತಾಳೆ. ನಾನು ಬೈತೀನಿ ಬಿಡಿ."

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಮೋಟಾರು ಓಡಿದರೆ ಬಾವ ಮಾಡಿದ್ದು, ಸುಟ್ಟರೆ ನಾದಿನಿ ಮಾಡಿದ್ದು! ಗತಿ ಇಲ್ಲದವಳಂತೆ! ಯಾರ ಕುರ್ಚಿಯಲ್ಲಿ ಕೂತು ಯಾರಿಗೆ ಗತಿ ಇಲ್ಲ ಅನ್ನುತ್ತಿದ್ದಾರೆ ಈ ಮನುಷ್ಯ? ಪುಟ್ಟಿ ಉಳಿಯನ್ನು ಕೆಳಗಿಟ್ಟು, ಕೈ ಒರೆಸಿಕೊಳ್ಳದೆ, ಹೊರಗೆ ಬಂದಳು.

"ವೋಲ್ಟೇಜ್ ಅಲ್ಲ ಸಾರ್. ಇದಕ್ಕೆ ವಾರ್ನಿಷ್ ಹಾಕಿರ್ಲಿಲ್ಲ. ಹಾಕೋ ಮುಂಚೆ ನಿಮಗೆ ಕೊಟ್ಟಿದಾರೆ."

ಸೂಪರ್‌ವೈಸರ್ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನೋಡಿ, ಬಾವನ ಕಡೆ ತಿರುಗಿದರು. "ಯಜಮಾನ್ರೇ, ಈಯಮ್ಮ ಹೇಳೋದು ನಿಜಾನಾ?"

ಕೇಳಿದಿರಾ? ಎದುರಿಗೆ ನಿಂತು ಬಾಯಿಬಿಟ್ಟು ಹೇಳಿದರೂ ಅದು ನಿಜವಾಗಬೇಕಾದರೆ ಬಾವ ತಲೆಯಾಡಿಸಬೇಕು!

"ಅವಳಿಗೇನ್ ಗೊತ್ತು ಸಾರ್," ಅಂದರು ಬಾವ ನಗುತ್ತ. "ಹೋಗಮ್ಮ, ಒಳಗೆ ಹೋಗು."

ಪುಟ್ಟಿ ಗೋಡೆಯ ಮೊಳೆಯಿಂದ ಒಂದು ಸ್ಪ್ಯಾನರ್ ತೆಗೆದು ಮೇಜಿನ ಮೇಲೆ, ಬಾವನ ಮುಂದೆ, ಇಟ್ಟಳು. "ಸರಿ ಬಾವ. ನನಗೆ ಗೊತ್ತಿಲ್ಲ. ನೀವೇ ಬಿಚ್ಚಿ ತೋರಿಸಿ."

"ಈಗಾ? ಬಿಸಿ ಇರುತ್ತೆ..."

"ತಣ್ಣಗಾಗಿ ಎರಡು ಗಂಟೆ ಆಯ್ತು," ಅಂದರು ಸೂಪರ್‌ವೈಸರ್. "ಬಿಚ್ಚಿ."

ಬಾವ ಅಂಗಿಯ ತೋಳು ಮಡಿಸಿದರು. ನಾಲ್ಕೇ ಬೋಲ್ಟು. ಮೊದಲನೆಯದಕ್ಕೆ ಸ್ಪ್ಯಾನರ್ ಹಾಕಿ ಬಲವಾಗಿ ತಿರುಗಿಸಿದರು. ಅದು ಇನ್ನಷ್ಟು ಬಿಗಿಯಾಯಿತು. "ತುಕ್ಕು ಹಿಡಿದಿದೆ" ಅಂದರು. ಇನ್ನೊಂದಕ್ಕೆ ಹಾಕಿದರು, ಅದೂ ಬಿಗಿಯಾಯಿತು. ಹಣೆಯಲ್ಲಿ ಬೆವರು ಒಡೆಯಿತು, ಸ್ಪ್ಯಾನರ್ ಜಾರಿ ಜೇಬಿನ ಪೆನ್ನೊಂದು ಕೆಳಗೆ ಬಿತ್ತು. ಕಾರ್ಯದರ್ಶಿ ತಮ್ಮ ನೋಟ್‌ಬುಕ್ಕಿನಲ್ಲಿ ಅದೇನೋ ತುಂಬ ಆಸಕ್ತಿಯಿಂದ ಓದತೊಡಗಿದರು. ಸೂಪರ್‌ವೈಸರ್ ಮಾತ್ರ ಬಾವನ ಕೈಯನ್ನೇ ನೋಡುತ್ತಿದ್ದರು.

"ನೀವು ಬಿಗಿ ಮಾಡ್ತಿದೀರಲ್ರೀ," ಅಂದರು ಕೊನೆಗೆ.

ಪುಟ್ಟಿಗೆ ಗೆದ್ದೆ ಅನ್ನಿಸಬೇಕಿತ್ತು. ಬಾವನ ಕಿವಿ ಕೆಂಪಾಗಿದ್ದನ್ನು ನೋಡಿ ಸಂಕಟವೇ ಆಯಿತು, ಸಂಕಟವಾಯಿತಲ್ಲ ಎಂದು ಇನ್ನೂ ಸಿಟ್ಟು ಬಂತು. ಸ್ಪ್ಯಾನರ್ ತೆಗೆದುಕೊಂಡು ನಾಲ್ಕೂ ಬೋಲ್ಟು ಬಿಚ್ಚಿ, ಮುಚ್ಚಳ ತೆಗೆದು, ಮೋಟಾರನ್ನು ಬೆಳಕಿಗೆ ತಿರುಗಿಸಿದಳು.

"ನೋಡಿ ಸಾರ್. ವೋಲ್ಟೇಜಿಗೆ ಸುಟ್ಟಿದ್ರೆ ಸುತ್ತಲೂ ಕರ್ರಗಾಗ್ತಿತ್ತು. ಇದು ಇಲ್ಲೊಂದು ಕಡೆ ಮಾತ್ರ ಸುಟ್ಟಿದೆ. ಮಿಕ್ಕ ತಂತಿ ಹೊಸದರ ಹಾಗೇ ಇದೆ. ಉಗುರಲ್ಲಿ ಎಬ್ಬಿಸಿ ನೋಡಿ, ಅಲ್ಲಾಡುತ್ತೆ. ವಾರ್ನಿಷ್ ಇದ್ದಿದ್ರೆ ಕಲ್ಲಿನ ಹಾಗೆ ಕೂತಿರ್ತಿತ್ತು."

ಸೂಪರ್‌ವೈಸರ್ ಉಗುರು ಹಾಕಿ ನೋಡಿದರು. ತಂತಿ ಅಲ್ಲಾಡಿತು. "ಸುತ್ತಿದ್ದು ಯಾರು?"

"ನಾನು. ಇಲ್ಲಿಂದ ಹೋಗೋ ಎಲ್ಲಾ ಮೋಟಾರೂ ನಾನೇ ಸುತ್ತೋದು."

"ಮತ್ತೆ ವಾರ್ನಿಷ್ ಹಾಕ್ದೆ ಯಾಕೆ ಕೊಟ್ರಿ?"

ಬಾವ ತಲೆ ಎತ್ತಲಿಲ್ಲ. ಕೊಟ್ಟವರು ಇಲ್ಲೇ ಇದ್ದಾರೆ, ಕೇಳಿ ಎಂದು ಬೆರಳು ತೋರಿಸಿದ್ದರೆ ತಪ್ಪೇನೂ ಇರಲಿಲ್ಲ. ನಾಲಿಗೆ ತುದಿಗೆ ಬಂದೂ ಇತ್ತು. ಆದರೆ ಬಾವ ಮಾಡಿದ್ದೂ ಅದನ್ನೇ ಅಲ್ಲವೇ, ತಪ್ಪಾದಾಗ ಬೆರಳು ತೋರಿಸುವುದು?

"ನಾನಿಲ್ದಾಗ ಹೋಯ್ತು. ಗೊತ್ತಾದ ಮೇಲಾದ್ರೂ ನಾನೇ ಫೋನ್ ಮಾಡಿ ಹೇಳ್ಬೇಕಿತ್ತು, ಹೇಳ್ಲಿಲ್ಲ. ಅಂಗಡಿ ನಂದು ಸಾರ್. ತಪ್ಪೂ ನಂದೇ."

ಒಂದು ವರ್ಷದಲ್ಲಿ ಅಂಗಡಿ ನನ್ನದು ಎಂದು ಅವಳು ಹೊರಗಿನವರೆದುರು ಹೇಳಿದ್ದು ಅದೇ ಮೊದಲು. ಹೇಳುವುದಕ್ಕೆ ಎಂಥ ಗಳಿಗೆ ಸಿಕ್ಕಿತು ನೋಡಿ.

ಸೂಪರ್‌ವೈಸರ್ ಇಬ್ಬರನ್ನೂ ನೋಡಿದರು. ಕೂಗಾಟ ನಿಲ್ಲಿಸಿದ್ದರು, ಪುಟ್ಟಿಗೆ ಅದರಿಂದಲೇ ಹೆಚ್ಚು ಭಯವಾಯಿತು. "ಅಂದ್ರೆ ಯಜಮಾನ ಅಂದ್ಕೊಂಡೋರು ಯಜಮಾನ ಅಲ್ಲ. ಕೆಲಸದವಳು ಅಂದೋರು ಕೆಲಸದವಳಲ್ಲ. ಒಂದು ವರ್ಷ ನಾಟಕ ಆಡಿದೀರಿ. ನಮ್ಮ ಮ್ಯಾನೇಜರ್‌ಗೆ ನಾನು ಏನಂತ ಹೇಳ್ಲಮ್ಮ?"

"ಇದನ್ನ ದುಡ್ಡಿಲ್ದೆ ಮತ್ತೆ ಸುತ್ತಿ ಕೊಡ್ತೀನಿ. ಐದು ದಿನ ಬೇಕು. ಅದಕ್ಕೆ ಒಂದು ದಿನಾನೂ ಕಮ್ಮಿ ಆಗಲ್ಲ."

"ಕೊಡಿ. ಆದ್ರೆ ಹನ್ನೆರಡರ ಮಾತು ಮರೆತುಬಿಡಿ. ಕೆಲಸ ಬರುತ್ತೆ ನಿಮಗೆ, ಕಾಣ್ತಿದೆ. ಅದನ್ನ ಮುಚ್ಚಿಟ್ಟಿದ್ಯಾಕೆ ಅಂತ ಗೊತ್ತಾಗ್ತಿಲ್ಲ."

ಮುಚ್ಚಿಟ್ಟಿದ್ಯಾಕೆ ಅಂತೆ! ನಿಮ್ಮಂಥವರಿಂದಲೇ ಸ್ವಾಮಿ ಎಂದು ಕೂಗಬೇಕೆನ್ನಿಸಿತು. ಮೂರು ನಿಮಿಷದ ಹಿಂದೆ "ಈಯಮ್ಮ ಹೇಳೋದು ನಿಜಾನಾ" ಎಂದು ಕೇಳಿದ್ದು ಯಾರು? ಕೂಗಲಿಲ್ಲ, ಯಾಕೆಂದರೆ ಆ ಮಾತಿನಲ್ಲಿ ಅರ್ಧ ನಿಜವೂ ಇತ್ತು. ಪ್ಲೈವುಡ್ ಹೊಡೆಸಿದ್ದು ಸೂಪರ್‌ವೈಸರ್ ಅಲ್ಲ. ಅವರು ಹೊರಟರು. ಕಾರ್ಯದರ್ಶಿ ಅವರ ಬೆನ್ನಿಗೇ ಎದ್ದು, "ಇನ್ನೊಮ್ಮೆ ಬರ್ತೀನಿ" ಎಂದು ಯಾರನ್ನೂ ನೋಡದೆ ಹೇಳಿ ಹೋದರು. ಬಾವ ಬಿದ್ದ ಪೆನ್ನು ಹೆಕ್ಕಿಕೊಂಡು ಮನೆಗೆ ನಡೆದರು.

ಊಟದ ಹೊತ್ತು ಮೀರಿತ್ತು. ಪುಟ್ಟಿ ಊಟ ಮಾಡಲಿಲ್ಲ. ಹನ್ನೆರಡು ಪಂಪು ಕೈಯಿಂದ ಹೋದವು, ಇನ್ನು ಕಾಯುವುದಕ್ಕೆ ಏನೂ ಇಲ್ಲ. ಅವಳು ಸ್ಕ್ರೂಡ್ರೈವರ್ ತೆಗೆದುಕೊಂಡು ಪ್ಲೈವುಡ್‌ನ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚತೊಡಗಿದಳು. ಅರ್ಧ ಬಿಚ್ಚಿರಬೇಕು, ಅಕ್ಕ ಏದುಸಿರು ಬಿಡುತ್ತ ಬಂದಳು.

"ನಾಲ್ಕು ಜನರ ಮುಂದೆ ಅವರ ಮಾನ ಕಳೆದ್ಯಂತಲ್ಲೇ! ಮನೆಗೆ ಬಂದವ್ರು ಗೋಡೆ ಕಡೆ ಮುಖ ಮಾಡಿ ಮಲ್ಕೊಂಡಿದಾರೆ. ಸ್ವಂತ ಬಾವ ಕಣೇ ಅವ್ರು!"

"ನಾಲ್ಕು ಜನ ಅಲ್ಲ, ಇಬ್ರು. ಅವರ ಮುಂದೆ ನನಗೆ ಗತಿ ಇಲ್ಲ ಅಂತ ಹೇಳಿದ್ರು ಅಕ್ಕ. ಕೆಲಸಕ್ಕಿಟ್ಕೊಂಡಿದೀನಿ ಅಂದ್ರು."

ಅದನ್ನು ಬಾವ ಮನೆಯಲ್ಲಿ ಹೇಳಿರಲಿಲ್ಲ ಎಂದು ಅಕ್ಕನ ಮುಖವೇ ಹೇಳಿತು. ಆಮೇಲೆ ಮತ್ತೆ ದನಿ ಏರಿಸಿದಳು. "ಅಂದಿರ್ತಾರೆ! ಬಾಯಿ ತಪ್ಪಿ ಬಂದಿರುತ್ತೆ. ನಿನಗೆ ಕೆಲಸ ಬರುತ್ತೆ, ಎಲ್ಲಿ ಹೋದ್ರೂ ಬದುಕ್ತೀಯ. ಅವರಿಗೆ ಏನಿದೆ ಹೇಳು, ಆ ಕುರ್ಚಿ ಬಿಟ್ರೆ?"

ಈ ಮಾತು ಪುಟ್ಟಿಗೆ ತಾಕಿತು. ಅಕ್ಕ ಜಗಳಕ್ಕೆ ಹೇಳಿದ್ದಲ್ಲ, ಹೆದರಿಕೆಗೆ ಹೇಳಿದ್ದು.

"ಬರೋದು ಬೇಡ ಅಂತ ನಾನು ಹೇಳ್ಲಿಲ್ಲ ಅಕ್ಕ. ನಾಳೆ ಬರ್ಲಿ. ಸಂಬಳ ಈಗ ಕೊಡೋಷ್ಟೇ ಕೊಡ್ತೀನಿ. ಕುರ್ಚೀಲಿ ನಾನು ಕೂರ್ತೀನಿ. ಅವ್ರು ಹಿಂದೆ ಬೆಂಚಿನ ಹತ್ರ ಕೂರ್ಲಿ, ಹಳೇ ತಂತಿ ಬಿಡಿಸೋದು, ವಾರ್ನಿಷ್ ಹಾಕೋದು ಕಲಿಸ್ತೀನಿ. ಆರು ತಿಂಗಳಲ್ಲಿ ಬರುತ್ತೆ ಕೈಗೆ."

"ಹಿಂದೇನಾ?" ಅಕ್ಕನ ಕಣ್ಣು ದೊಡ್ಡವಾದವು. "ಆ ಮಸೀಲಿ, ಆ ಬಿಸೀಲಿ? ಇಷ್ಟು ದಿನ ಯಜಮಾನ್ರು ಅಂತ ಕರೆಸ್ಕೊಂಡೋರು! ಹಿಂದೆ ಕೂತು ಕೆಲಸ ಮಾಡಿದ್ರೆ ನೋಡಿದ ಜನ ಅವರನ್ನ ಏನಂತಾರೆ?"

ಪುಟ್ಟಿ ತಿರುಗಿ ಅಕ್ಕನನ್ನೇ ನೋಡಿದಳು. ಬೆಳಗ್ಗೆಯಿಂದ ಬಂದ ಸಿಟ್ಟುಗಳೆಲ್ಲ ಈ ಒಂದರ ಮುಂದೆ ಏನೂ ಅಲ್ಲ ಅನ್ನಿಸಿತು. ಆದರೂ ದನಿ ಏರಲಿಲ್ಲ.

"ಒಂದು ವರ್ಷದಿಂದ ಅಲ್ಲಿ ಕೂತಿದ್ದು ನಾನು. ನನ್ನನ್ನ ಜನ ಏನಂತಾರೆ ಅಂತ ಒಂದಿನನಾದ್ರೂ ಕೇಳಿದ್ಯಾ ಅಕ್ಕ?"

ಅಕ್ಕ ಪ್ಲೈವುಡ್‌ನ ಆಚೆಗಿದ್ದ ಇಕ್ಕಟ್ಟು ಜಾಗವನ್ನು ನೋಡಿದಳು. ಕಿಟಕಿಯಿಲ್ಲದ ಗೋಡೆ, ಬಿಸಿ ಪೆಟ್ಟಿಗೆ, ತಂತಿಯ ಚೂರು, ಬೆನ್ನು ಒರಗಿಸಲು ಏನೂ ಇಲ್ಲದ ಒಂದು ಸ್ಟೂಲು. ಅಂಗಡಿಗೆ ಅವಳು ಎಷ್ಟೋ ಸಲ ಬಂದಿದ್ದಳು, ಕುರ್ಚಿಯ ತನಕ.

"ಇಲ್ಲ ಕಣೇ," ಅಂದಳು. "ಕೇಳ್ಲಿಲ್ಲ."

ಪುಟ್ಟಿ ಉಳಿದ ಸ್ಕ್ರೂಗಳನ್ನು ಬಿಚ್ಚಿದಳು. ಹಲಗೆ ವಾಲಿತು, ಒಬ್ಬಳಿಂದ ಇಳಿಸಲು ಆಗುವಂಥದ್ದಲ್ಲ. "ಆ ಕಡೆ ಹಿಡ್ಕೋ" ಅಂದಳು. ಅಕ್ಕ ಕೈಚೀಲ ಕೆಳಗಿಟ್ಟು ಹಿಡಿದುಕೊಂಡಳು.